ಗೇಟಿನ ಹೊರಗೆ ಉಳಿದ ಅಪ್ಪ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರು ಮದುವೆಯಾದಾಗಿನಿಂದ ಹೇಳುತ್ತಾ ಬಂದಿದ್ದಾರೆ. ಇರಲಿ. ಮೂಗೂ ನನ್ನದೇ, ಕೋಪವೂ ನನ್ನದೇ. ಆದರೆ ಹೋದ ವರ್ಷ ನಮ್ಮ ಮನೆಯೆದುರಿನ ಗೇಟಿನಲ್ಲಿ ನಡೆದದ್ದನ್ನು ಕೇಳಿಯೂ ಕೋಪ ಬಾರದವರಿದ್ದರೆ, ಅವರಿಗೆ ಮೂಗಾದರೂ ಇದೆಯೇ ಎಂದು ನಾನು ಅನುಮಾನಪಡುತ್ತೇನೆ. ಹೇಳಿ ಹೇಳಿ ಬಾಯಿ ನೋಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆ ಕಾಡುಗೋಡಿಯಲ್ಲಿ, ರೈಲ್ವೆ ಸ್ಟೇಷನ್ನಿನಿಂದ ಸ್ವಲ್ಪ ಒಳಗೆ. ಕೆಳಗೆ ನಾವಿದ್ದೇವೆ, ಮೇಲೆ ಬಾಡಿಗೆ ರೂಮುಗಳು, ಹಿತ್ತಲಲ್ಲಿ ಕೊಟ್ಟಿಗೆ. ಹೊಲವೆಲ್ಲ ಹೋದರೂ ನಮ್ಮ ಮನೆಯವರು ಹಸುಗಳನ್ನು ಬಿಟ್ಟಿಲ್ಲ. ಹೊತ್ತಾರೆ ಎದ್ದು ಹಾಲು ಕರೆದು ಎದುರಿನ ದೊಡ್ಡ ಅಪಾರ್ಟ್‌ಮೆಂಟಿಗೆ ಹಾಕಿ ಬರುತ್ತಾರೆ. ಆ ಅಪಾರ್ಟ್‌ಮೆಂಟಿನ ಈಜುಕೊಳ ಇರುವ ಕಡೆ ನಮ್ಮ ಅತ್ತೆ ಅವರೆಕಾಳು ಬಿತ್ತುತ್ತಿದ್ದರು. ಇದನ್ನು ಅಲ್ಲಿನವರಿಗೆ ಹೇಳಿದರೆ "ಓ, ಸೋ ನೈಸ್" ಎನ್ನುತ್ತಾರೆ. ಅದರಲ್ಲಿ ನೈಸ್ ಏನಿದೆಯೋ ನನಗೆ ಇವತ್ತಿಗೂ ತಿಳಿದಿಲ್ಲ.

ಮೇಲಿನ ಮೂಲೆ ರೂಮಿಗೆ ನೇಪಾಳದ ಗಂಡಹೆಂಡತಿ ಬಂದು ಕೆಲವು ವರ್ಷಗಳಾದವು. ಗಂಡನಿಗೆ ಒಂದು ಫ್ಯಾಕ್ಟರಿಯಲ್ಲಿ ರಾತ್ರಿ ಕಾವಲಿನ ಕೆಲಸ. ಹಗಲೆಲ್ಲ ಮಲಗಿರುತ್ತಾನೆ, ಆದ್ದರಿಂದ ಈ ಬರಹದಲ್ಲೂ ಅವನು ಏಳುವುದಿಲ್ಲ. ಹೆಂಡತಿಗೆ ಅಪಾರ್ಟ್‌ಮೆಂಟಿನಲ್ಲಿ ಅಡುಗೆ ಕೆಲಸ. ನಮ್ಮ ಮನೆಯವರೇ ತಾವು ಹಾಲು ಹಾಕುವ ಮನೆಯೊಂದರಲ್ಲಿ ಹೇಳಿ ಸೇರಿಸಿದ್ದರು. ಬಂದ ಹೊಸದರಲ್ಲಿ ಅವಳಿಗೆ ಕನ್ನಡ ಬಾರದು, ನನಗೆ ನೇಪಾಳಿ ಬಾರದು. ಇಬ್ಬರೂ ಹರಕುಮುರುಕು ಹಿಂದಿಯಲ್ಲಿ ನೀರು, ಕಸ, ಮೋಟರು ಎಂದು ಮಾತಾಡಿಕೊಂಡು ಕಾಲ ಹಾಕುತ್ತಿದ್ದೆವು. ಆಮೇಲೆ ಅವಳೇ ಕನ್ನಡ ಕಲಿತಳು. ನಾನಿನ್ನೂ ಹಿಂದಿ ಕಲಿತಿಲ್ಲ.

ಒಂದು ಭಾನುವಾರ ಟ್ಯಾಂಕ್ ತುಂಬಿತೇ ಎಂದು ನೋಡಲು ಮೇಲೆ ಹೋದವಳು ಅವಳ ಬಾಗಿಲಲ್ಲಿ ಇಣುಕಿದೆ. ಅವಳು ಕೆಳಗೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ಎದುರಿಗೆ ಅಕ್ಕಿ ಡಬ್ಬಕ್ಕೆ ಫೋನು ಒರಗಿಸಿತ್ತು. ಫೋನಿನ ತುಂಬ ಒಬ್ಬ ಮುದುಕರ ಮುಖ. ತಲೆಗೆ ಟೋಪಿ, ಬಿಳಿ ಮೀಸೆ, ಒಂದು ಕಡೆಗೆ ಜಾರಿದ ತುಟಿ. ಸ್ವಲ್ಪವೂ ಅಲುಗಾಟವಿಲ್ಲ. ಪಾಪ, ತೀರಿಕೊಂಡ ಅಪ್ಪನ ಫೋಟೋ ಇಟ್ಟುಕೊಂಡಿದ್ದಾಳೆ ಎಂದುಕೊಂಡು ನಾನು ಭಕ್ತಿಯಿಂದ ಕೈಮುಗಿದೆ. ಫೋಟೋ ಕೆಮ್ಮಿತು.

ನಾನು ಕಿಟಾರನೆ ಕಿರುಚಿ ಹಿಂದಕ್ಕೆ ಹಾರಿದ್ದನ್ನು ನೋಡಿ ಅವಳು ಸೊಪ್ಪಿನ ಮೇಲೆ ಬಿದ್ದು ನಕ್ಕಳು. ಫೋನಿನಲ್ಲಿದ್ದ ಮುದುಕರೂ ಅರ್ಧ ಬಾಯಲ್ಲಿ ನಕ್ಕರು. ಅವತ್ತೇ ನನಗೆ ತಿಳಿದದ್ದು, ಅವಳ ಅಪ್ಪ ಬದುಕಿದ್ದಾರೆ, ಲಕ್ವ ಹೊಡೆದು ಒಂದು ಕೈ ಒಂದು ಕಾಲು ಬಿದ್ದುಹೋಗಿದೆ, ಬೆಟ್ಟದ ಮೇಲಿನ ಊರಲ್ಲಿ ಅತ್ತಿಗೆಯ ಆರೈಕೆಯಲ್ಲಿದ್ದಾರೆ ಎಂದು. ಅಣ್ಣನೂ ಊರಲ್ಲಿಲ್ಲ, ಮರಳುಗಾಡಿನ ಯಾವುದೋ ದೇಶದಲ್ಲಿ ಲಾರಿ ಓಡಿಸುತ್ತಾನೆ. ಹೀಗಾಗಿ ಇವಳು ಬೆಳಗ್ಗೆ ಒಂದು ಕಾಲ್ ಮಾಡಿ ಫೋನನ್ನು ಯಾವುದಕ್ಕಾದರೂ ಒರಗಿಸಿ ಇಡುತ್ತಾಳೆ. ಅಲ್ಲಿ ಅತ್ತಿಗೆ ಮಾವನ ಎದುರು ಫೋನಿಡುತ್ತಾಳೆ. ಮಾತಿಲ್ಲ, ಕತೆಯಿಲ್ಲ. ಇವಳ ಪಾಡಿಗೆ ಇವಳು ಕೆಲಸ ಮಾಡುತ್ತಾಳೆ, ಅವರ ಪಾಡಿಗೆ ಅವರು ಕೂತು ನೋಡುತ್ತಾರೆ.

"ಮಾತಾಡ್ದೇ ಇದ್ಮೇಲೆ ಕಾಲ್ ಯಾಕೆ ಮಾಡ್ತೀಯೇ?" ಎಂದು ಕೇಳಿದೆ.

"ಮನೇಲಿ ಇರೋವಾಗ ಎಲ್ಲಾ ಟೈಮ್ ಮಾತಾಡ್ತಾರಾ ಅಕ್ಕ? ಸುಮ್ನೆ ಇರ್ತಾರಲ್ಲ?" ಎಂದಳು.

ನಾನೂ ನಮ್ಮ ಮನೆಯವರೂ ಒಂದೇ ಸೂರಿನಡಿ ಸುಮ್ಮನಿರುವುದನ್ನು ಅವಳು ದಿನವೂ ನೋಡುತ್ತಿದ್ದಳಲ್ಲ.

ಅವರ ಕಡೆ ಬೆಳಗ್ಗೆ ಹತ್ತು ಗಂಟೆಗೇ ಅನ್ನದ ಊಟವಂತೆ. ನಮ್ಮಲ್ಲೂ ಹೊಲವಿದ್ದ ಕಾಲದಲ್ಲಿ ಹತ್ತು ಗಂಟೆಗೆ ಮುದ್ದೆ ಊಟ. ತಿಂಡಿ ಎಂಬುದು ಆಮೇಲೆ ಪೇಟೆಯಿಂದ ಬಂದದ್ದು. ಲಕ್ವ ಹೊಡೆದ ಮೇಲೆ ಆ ಮುದುಕರಿಗೆ ತಿನ್ನಿಸುವುದೇ ಕಷ್ಟವಾಗಿತ್ತು. ಸೊಸೆ ತುತ್ತು ಹಿಡಿದರೆ ಬಾಯಿ ತೆರೆಯುತ್ತಿರಲಿಲ್ಲ. ಸೊಸೆಯ ಕೈಲಿ ತಿನ್ನಿಸಿಕೊಳ್ಳುವ ಹಾಗಾಯಿತಲ್ಲ ಎಂಬ ನಾಚಿಕೆಯೋ, ಹಟವೋ. ಫೋನಿನಲ್ಲಿ ಮಗಳು ಕಂಡರೆ ಮಾತ್ರ ಅವಳನ್ನು ನೋಡುತ್ತಾ ನೋಡುತ್ತಾ ಬಾಯಿ ತೆರೆಯುತ್ತಿದ್ದರು. ಆದ್ದರಿಂದ ಹತ್ತು ಗಂಟೆಯ ಕಾಲ್ ತಪ್ಪುವ ಹಾಗಿರಲಿಲ್ಲ. ಅದು ತಪ್ಪಿದರೆ ಊಟ ತಪ್ಪಿದ ಹಾಗೆ.

ಅವಳಿಗೆ ಈ ಊರಲ್ಲಿ ಬಂಧುಬಳಗ ಸಿಕ್ಕಿದ್ದೂ ಫೋನಿನಲ್ಲೇ. ಹೊಸದರಲ್ಲಿ ಯಾರ ಪರಿಚಯವೂ ಇಲ್ಲದೆ ಒಬ್ಬಳೇ ಕೂತು ಫೋನು ನೋಡುತ್ತಿದ್ದಾಗ, ಯಾರೋ ನೇಪಾಳಿ ಹೆಂಗಸು ತಾರಸಿಯ ಮೇಲೆ ಕುಣಿಯುವ ಒಂದು ವಿಡಿಯೋ ಬಂತಂತೆ. ಕುಣಿತಕ್ಕಿಂತ ಇವಳು ನೋಡಿದ್ದು ಹಿಂದೆ ಕಾಣುತ್ತಿದ್ದ ಮೆಟ್ರೋ ಕಂಬವನ್ನು, ಅದರ ಮೇಲಿನ ನಂಬರನ್ನು. ಆ ಕಂಬವನ್ನು ದಿನಾ ತರಕಾರಿಗೆ ಹೋಗುವಾಗ ನೋಡುತ್ತಿದ್ದಳು. "ನಾನೂ ಇಲ್ಲೇ ಇದ್ದೇನೆ" ಎಂದು ಕೆಳಗೆ ಬರೆದಳು. ಆ ಹೆಂಗಸು ಇವಳನ್ನು ತಮ್ಮ ಗುಂಪಿಗೆ ಸೇರಿಸಿಕೊಂಡಳು. ಅಲ್ಲಿ ನೋಡಿದರೆ ವೈಟ್‌ಫೀಲ್ಡಿನವರು, ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನವರು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಮಗು ನೋಡಿಕೊಳ್ಳುವವರು, ಅತ್ತ ಪೀಣ್ಯದವರು ಎಲ್ಲ ಇದ್ದರು.

ಬರೆಯಲು ಬಾರದವರೇ ಹೆಚ್ಚು, ಆದ್ದರಿಂದ ಎಲ್ಲ ಮಾತಿನಲ್ಲೇ ನಡೆಯುತ್ತಿತ್ತು. ಒಬ್ಬಳು ಒಗ್ಗರಣೆ ಹಾಕುತ್ತಾ ಒಂದು ನಿಮಿಷ ಮಾತಾಡಿ ಕಳಿಸಿದರೆ ಇನ್ನೊಬ್ಬಳು ಬಸ್ಸಲ್ಲಿ ನಿಂತು ಕೇಳಿ ಉತ್ತರ ಕೊಡುವಳು. ಯಾವ ಮನೆಯವರು ಒಳ್ಳೆಯವರು, ಯಾವ ಮನೆಯ ಗಂಡಸು ಸರಿಯಿಲ್ಲ, ಮಗುವಿಗೆ ಜ್ವರ ಬಂದರೆ ಯಾವ ಡಾಕ್ಟರು ಬೈಯದೆ ನೋಡುತ್ತಾರೆ ಎಲ್ಲವೂ ಅದರಲ್ಲೇ. "ಸ್ವಲ್ಪ ಮುಂದೆ ಹೋಗಿ" ಎಂಬ ಕನ್ನಡವನ್ನೂ ಅವಳು ಕಲಿತದ್ದು ಆ ಗುಂಪಿನಲ್ಲೇ.

ನಮ್ಮ ಊರಿನವರದ್ದೂ ಒಂದು ಗುಂಪಿದೆ. ಬೆಳಗಾದರೆ ಗುಲಾಬಿ ಹೂವಿನ ಜೊತೆ ಶುಭೋದಯ, ಸಂಜೆಯಾದರೆ ಯಾವ ಸೈಟು ಯಾರಿಗೆ ಮಾರಾಟ ಎಂಬ ಸುದ್ದಿ. ನಾನು ಚಿಕೂನ್‌ಗುನ್ಯಾ ಬಂದು ಮಲಗಿದ್ದಾಗ ಆ ಗುಂಪಿನಿಂದ ನನಗೆ ಬಂದದ್ದು ಗುಲಾಬಿ ಹೂವೇ. ಗಂಜಿ ಬಂದದ್ದು ಮೇಲಿನ ರೂಮಿನಿಂದ.

ನಮ್ಮ ಗೌರಿ ಹಬ್ಬದ ದಿನವೇ ಹೆಂಗಸರು ಮಾಡುವ ತೀಜ್ ಹಬ್ಬಕ್ಕೆ ಅವರೆಲ್ಲ ನಮ್ಮ ತಾರಸಿಯಲ್ಲಿ ಸೇರಿದರು. ಅವಳು ಬಂದು "ಅಕ್ಕ, ಸ್ವಲ್ಪ ಜನ ಬರ್ತಾರೆ" ಎಂದು ಕೇಳಿದಾಗ ನಾನು ಹೂಂ ಅಂದಿದ್ದೆ. ಸ್ವಲ್ಪ ಜನ ಎಂದರೆ ಮೆಟ್ಟಿಲಲ್ಲಿ ಚಪ್ಪಲಿ ಇಡಲು ಜಾಗವಿಲ್ಲದಷ್ಟು ಎಂದು ಯಾರಿಗೆ ಗೊತ್ತು? ಎಲ್ಲರೂ ಕೆಂಪು ಸೀರೆ, ಎಲ್ಲರೂ ಉಪವಾಸ, ಆದರೂ ಕುಣಿತಕ್ಕೆ ಕಡಿಮೆಯಿಲ್ಲ. ಎಷ್ಟೋ ಜನ ಅವತ್ತೇ ಮೊದಲ ಸಲ ಒಬ್ಬರನ್ನೊಬ್ಬರು ಕಂಡದ್ದು. ಮುಖ ನೋಡಿ ಗುರುತು ಹತ್ತದು. ಬಾಯಿ ಬಿಟ್ಟ ಕೂಡಲೇ "ಅಯ್ಯೋ, ನೀನಾ!" ಎಂದು ತಬ್ಬಿಕೊಳ್ಳುವರು. ರಜೆ ಸಿಗದವರಿಗೆ ತೋರಿಸಲೆಂದು ಟ್ಯಾಂಕಿನ ಕಟ್ಟೆಯ ಮೇಲೆ ಸಾಲಾಗಿ ಫೋನು ಇಟ್ಟಿದ್ದರು. ನಮ್ಮ ಮನೆಯವರು ಕೆಳಗಿಂದ "ತಾರ್ಸಿ ಬಿದ್ದೋಗ್ತದೆ ಕಣೇ, ಯೋಳು" ಎಂದು ಕೂಗಿದರು. ನಾನು ಕೇಳಿಸಲಿಲ್ಲ ಎಂಬಂತೆ ಇದ್ದೆ.

ಈಗ ಆ ಅಪಾರ್ಟ್‌ಮೆಂಟಿನ ಮೇಡಂ ವಿಚಾರಕ್ಕೆ ಬರುತ್ತೇನೆ. ಕನ್ನಡದವರೇ. ಗಂಡನ ಜೊತೆ ಬಹಳ ವರ್ಷ ಹೊರದೇಶದಲ್ಲಿದ್ದು ವಾಪಸು ಬಂದು ಇಲ್ಲಿ ಮನೆ ಮಾಡಿದವರು. ಒಳ್ಳೆಯ ಮಾತು, ಒಳ್ಳೆಯ ನಗು. ರಾಜ್ಯೋತ್ಸವಕ್ಕೆ ಅಪಾರ್ಟ್‌ಮೆಂಟಿನವರು ಪ್ರತಿವರ್ಷ ನಮ್ಮ ಮನೆಯವರನ್ನು ಕರೆದು, ಊರಿನ ಹಿರಿಯರು ಎಂದು ಒಂದು ಶಾಲು ಹೊದಿಸುತ್ತಾರೆ. ಹೋದ ಸಲ ನಾನೂ ಹೋಗಿ ಮುಂದಿನ ಕುರ್ಚಿಯಲ್ಲಿ ಕೂತಿದ್ದೆ. ಆ ಮೇಡಂ ಮೈಕು ಹಿಡಿದು ತಮ್ಮ ಅನುಭವ ಹೇಳಿದರು.

ಹೊರದೇಶಕ್ಕೆ ಹೋದ ಮೊದಲ ಚಳಿಗಾಲ ಮಾತಾಡಲು ಒಂದು ನರಪಿಳ್ಳೆಯೂ ಇಲ್ಲದೆ ಗೋಡೆ ನೋಡಿಕೊಂಡು ಅಳುತ್ತಿದ್ದರಂತೆ. ಆಗ ಇಂಟರ್‌ನೆಟ್ಟಿನಲ್ಲಿ ಕನ್ನಡದವರ ಒಂದು ಗುಂಪು ಸಿಕ್ಕಿತಂತೆ. ರಾಗಿಹಿಟ್ಟು ಎಲ್ಲಿ ಸಿಗುತ್ತದೆ ಎಂದು ಹೇಳಿಕೊಟ್ಟದ್ದು ಅವರು, ಬಾಣಂತನಕ್ಕೆ ಅಮ್ಮ ಬರಲಾಗದಿದ್ದಾಗ ಸರದಿಯಲ್ಲಿ ಅಡುಗೆ ತಂದುಕೊಟ್ಟದ್ದು ಅವರು, ದಿನವೂ ಅಮ್ಮನ ಜೊತೆ ವಿಡಿಯೋದಲ್ಲಿ ಕೂತು ಕಾಫಿ ಕುಡಿದದ್ದರಿಂದಲೇ ತಾನು ಉಳಿದುಕೊಂಡೆ ಎಂದು ಹೇಳುತ್ತಾ ಕಣ್ಣೊರೆಸಿಕೊಂಡರು. ನನ್ನ ಕಣ್ಣಲ್ಲೂ ನೀರು ಬಂತು. ಜೋರಾಗಿ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು. ಆ ಚಪ್ಪಾಳೆಯನ್ನು ವಾಪಸು ತೆಗೆದುಕೊಳ್ಳುವ ಹಾಗಿದ್ದರೆ ಇವತ್ತೇ ತೆಗೆದುಕೊಳ್ಳುತ್ತೇನೆ.

ನಮ್ಮ ನೇಪಾಳದವಳು ಅಡುಗೆಗೆ ಹೋಗುತ್ತಿದ್ದದ್ದು ಇದೇ ಮೇಡಂ ಮನೆಗೆ. ಮೇಡಂ ಅಡುಗೆಮನೆಯ ಕಟ್ಟೆಯ ಮೇಲೆ ದೊಡ್ಡ ಪರದೆಯ ಟ್ಯಾಬು ಇಟ್ಟುಕೊಂಡು, ಆ ದೇಶದಲ್ಲಿ ಬಿಟ್ಟುಬಂದ ಗೆಳತಿಯರ ಜೊತೆ ಬೆಳಗಿನ ಹೊತ್ತು ಮಾತಾಡುತ್ತಿದ್ದರು. ಮಾತು ಮುಗಿದರೂ ಕಾಲ್ ಕಟ್ ಮಾಡದೆ ಎರಡೂ ಕಡೆ ಕೆಲಸ ನಡೆಯುತ್ತಿತ್ತು. ಇದನ್ನು ನೋಡಿ ನಮ್ಮವಳಿಗೆ, ಈ ಮನೆಯಲ್ಲೂ ನಮ್ಮ ಹಾಗೇ ಪದ್ಧತಿ ಎಂದು ಸಂತೋಷವಾಯಿತು. ಹತ್ತು ಗಂಟೆಗೆ ತನ್ನ ಫೋನನ್ನು ಆ ಟ್ಯಾಬಿನ ಪಕ್ಕದಲ್ಲೇ ಒರಗಿಸಿದಳು. ತಪ್ಪೆಂದರೆ ಅವಳು ಮಾಡಿದ ತಪ್ಪು ಇಷ್ಟೇ. ಕೇಳಬೇಕಿತ್ತು, ಒಪ್ಪುತ್ತೇನೆ. ನನ್ನ ಅಡುಗೆಮನೆಗೆ ಯಾರೋ ಗಂಡಸು ಫೋನಿನಿಂದ ಇಣುಕಿದರೆ ನಾನೂ ಸೌಟು ಎತ್ತುತ್ತೇನೆ. ಆದರೆ ಸೌಟು ಎತ್ತುವ ಮುಂಚೆ ಯಾರಪ್ಪಾ ಇದು ಎಂದು ಒಂದು ಮಾತು ಕೇಳುತ್ತೇನೆ.

ಮೇಡಂ ಕೇಳಲಿಲ್ಲ. ಸ್ನಾನ ಮುಗಿಸಿ ಬಂದವರು ಹಿಂದಿನಿಂದಲೇ ಅದರ ಫೋಟೋ ತೆಗೆದರು. ಒಲೆ, ಕುಕ್ಕರು, ಅದರ ಪಕ್ಕ ಫೋನಿನೊಳಗೆ ಟೋಪಿಯ ಮುದುಕರು, ಬಾಯಿ ತೆರೆದು ತುತ್ತಿಗೆ ಕಾಯುತ್ತಿರುವುದು. ಅಪಾರ್ಟ್‌ಮೆಂಟಿನ ಗುಂಪಿಗೆ ಹಾಕಿ, ನಮ್ಮ ಅಡುಗೆಯವಳು ಅಪರಿಚಿತ ಗಂಡಸಿಗೆ ಮನೆಯನ್ನು ಲೈವ್ ತೋರಿಸುತ್ತಿದ್ದಾಳೆ, ಎಲ್ಲರೂ ಹುಷಾರಾಗಿರಿ ಎಂದು ಬರೆದರು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಆ ಗುಂಪಿನಲ್ಲಿ ಎತ್ತು ಈದದ್ದಷ್ಟೇ ಅಲ್ಲ, ಗಿಣ್ಣೂ ಕಾಯಿಸಿದರು. ಒಬ್ಬರು ಇದು ಕಳ್ಳರ ಗ್ಯಾಂಗು ಎಂದರು. ಇನ್ನೊಬ್ಬರು ಬಾಯಿ ತೆರೆಯುವುದು ಒಂದು ಸನ್ನೆ ಎಂದರು. ಆ ದೇಶದವರನ್ನು ನಂಬುವ ಹಾಗಿಲ್ಲ ಎಂದು ಮತ್ತೊಬ್ಬರು. ನಮ್ಮ ಮನೆಯವರ ಫೋನಿಗೆ ಹಾಲಿನ ಗಿರಾಕಿಯೊಬ್ಬರು ಅದನ್ನೆಲ್ಲ ಕಳಿಸಿ, "ಇವರು ನಿಮ್ಮ ಬಾಡಿಗೆಯವರಲ್ಲವೇ?" ಎಂದು ಕೇಳಿದ್ದರು. ಆ ಫೋಟೋದಲ್ಲಿ ಮುದುಕರ ಮುಖದ ಸುತ್ತ ಯಾರೋ ಕೆಂಪು ಬಣ್ಣದಲ್ಲಿ ಒಂದು ವೃತ್ತ ಎಳೆದಿದ್ದರು.

"ನಮ್ಗ್ಯಾಕೆ ಬಿಡೇ, ಇರೋ ನಾಕ್ ಮನೆ ಆಲಿನ ವರ್ತ್ನೇನೂ ಓಗ್ತದೆ" ಎಂದರು ನಮ್ಮ ಮನೆಯವರು.

"ಓಗ್ಲಿ ಬಿಡಿ. ಅಸಾ ಕಟ್ಕೊಂಡು ಬದುಕ್ದೋರು ನಾವು, ಅವ್ರ್ ಮನೆ ಬಾಗ್ಲು ಕಾದ್ಕೊಂಡು ಬದುಕ್ದೋರಲ್ಲ" ಎಂದೆ. ಕೋಪ ಬಂದಾಗ ನನಗೆ ಓದಿದ ಬಿ.ಎ. ಎಲ್ಲ ಮರೆತು ನಮ್ಮ ಅತ್ತೆಯ ಭಾಷೆಯೇ ಬರುತ್ತದೆ.

ಮಾರನೆಯ ಬೆಳಗ್ಗೆ ಅವಳು ಕೆಲಸಕ್ಕೆ ಹೋದಾಗ ಗೇಟಿನವನು ಒಳಗೆ ಬಿಡಲಿಲ್ಲ. ಅಳುತ್ತಾ ಬಂದಳು. ನಾನು ಸೆರಗು ಸಿಕ್ಕಿಸಿಕೊಂಡು ಅವಳನ್ನು ಎಳೆದುಕೊಂಡೇ ಹೋದೆ. ಗೇಟಿನವನು ಬಿಜಾಪುರದ ಕಡೆಯವನು, ಒಳ್ಳೆಯವನೇ. "ಯಕ್ಕಾ, ನನ್ನ ಕೈಯಾಗ ಏನೂ ಇಲ್ರಿ. ಮಷಿನ್ದಾಗ ಕೆಂಪ ತೋರಸಾಕತ್ತೈತಿ" ಎಂದ. ಕೆಲಸದವರು ಬಂದಾಗ ಹೆಸರು ಒತ್ತುವ ಯಂತ್ರದಲ್ಲಿ ಅವಳ ಫೋಟೋದ ಮೇಲೆ ಕೆಂಪು ಗೀಟು ಬಂದಿತ್ತು. ಒಂದು ಮನೆಯವರು ಬೇಡವೆಂದರೆ ಆ ಮನೆ ಮಾತ್ರ ಬೇಡ ಎಂದಲ್ಲ, ಇಡೀ ಅಪಾರ್ಟ್‌ಮೆಂಟಿಗೇ ಬೇಡ. ಸಂತೆಗೆ ಬರುವ ದನಕ್ಕೂ ಹೀಗೆ ಮಾಡುವುದನ್ನು ನಾನು ನೋಡಿಲ್ಲ.

ಕೊನೆಗೆ ನನ್ನ ಗಂಟಲು ಕೇಳಿ ಅಸೋಸಿಯೇಷನ್ನಿನ ಸೆಕ್ರೆಟರಿಯೇ ಬಂದರು. ಕ್ಲಬ್‌ಹೌಸಿನಲ್ಲಿ ಕೂಡಿಸಿದರು. ಮೇಡಂ ಕೂಡ ಬಂದರು. ನನಗೆ ನೀರು ಕೊಟ್ಟರು, ಅವಳಿಗೆ ಕೊಡಲಿಲ್ಲ. ಅವಳಿಗೆ ಕುರ್ಚಿಯನ್ನೂ ಯಾರೂ ತೋರಿಸಲಿಲ್ಲ. ನಾನೇ ಒಂದನ್ನು ಎಳೆದು ಕೂರಿಸಿದೆ.

"ಆಂಟಿ, ನೀವು ಎಮೋಷನಲ್ ಆಗ್ತಿದ್ದೀರ. ಇದು ಪ್ರೈವೆಸಿ ವಿಷಯ" ಎಂದರು ಮೇಡಂ.

"ಅದು ಅವಳ ಅಪ್ಪ ಕಣಮ್ಮ."

"ಅಪ್ಪನೇ ಅಂತ ನಮಗೆ ಹೇಗೆ ಗೊತ್ತಾಗ್ಬೇಕು?"

"ನಿಮ್ಮ ಟ್ಯಾಬಲ್ಲಿ ಮಾತಾಡೋರು ನಿಮ್ಮ ಗೆಳತೀರೇ ಅಂತ ಅವಳಿಗೆ ಹೇಗೆ ಗೊತ್ತು? ಅವ್ರೂ ದಿನಾ ಇವಳ್ನ ನೋಡ್ತಾ ಕೂತಿರ್ತಾರಲ್ಲ? ರಾಜ್ಯೋತ್ಸವದಲ್ಲಿ ಅಷ್ಟು ಚೆನ್ನಾಗಿ ಹೇಳಿದ್ರಿ, ಅಮ್ಮನ ಜೊತೆ ವಿಡಿಯೋದಲ್ಲಿ ಕಾಫಿ ಕುಡಿದೇ ಬದುಕಿಕೊಂಡೆ ಅಂತ. ನಿಮಗೊಂದು ನ್ಯಾಯ, ಇವಳಿಗೊಂದು ನ್ಯಾಯವಾ?"

ಮೇಡಂ ಮುಖ ಕೆಂಪಾಯಿತು. "ಅದು ಬೇರೆ, ಇದು ಬೇರೆ" ಎಂದರು. ಹೇಗೆ ಬೇರೆ ಎಂದು ಕೇಳಿದೆ. ಮೇಡಂ ಸೆಕ್ರೆಟರಿಯ ಮುಖ ನೋಡಿದರು. ಉತ್ತರ ಇವತ್ತಿನವರೆಗೂ ಬಂದಿಲ್ಲ.

ಸೆಕ್ರೆಟರಿ ಗಂಟಲು ಸರಿಮಾಡಿಕೊಂಡು, ಹಾಗಾದರೆ ಈಗಲೇ ಕಾಲ್ ಮಾಡಿ ತೋರಿಸಲಿ ಎಂದರು. ನಾನು ಬೇಡ ಎನ್ನುವಷ್ಟರಲ್ಲಿ ಅವಳು ಮಾಡಿಬಿಟ್ಟಿದ್ದಳು. ಕೆಲಸ ಉಳಿಸಿಕೊಳ್ಳುವ ಆತುರ. ಹತ್ತು ಗಂಟೆಯೂ ಸಮೀಪಿಸಿತ್ತು, ಆ ಕಡೆ ಊಟಕ್ಕೆ ಕೂರಿಸಿ ಆಗಿತ್ತು. ಫೋನು ಸೆಕ್ರೆಟರಿ ಕೈಗೆ ಹೋಯಿತು. ಅಲ್ಲಿಂದ ಮೇಡಂ ಕೈಗೆ ಹೋಯಿತು. ಗೋಡೆ ತೋರಿಸಲು ಹೇಳಿ, ಅಕ್ಕಪಕ್ಕ ಯಾರಿದ್ದಾರೆ ತೋರಿಸಲು ಹೇಳಿ, ಗುರುತಿನ ಚೀಟಿ ಇದ್ದರೆ ಹಿಡಿಯಲು ಹೇಳಿ ಎಂದರು ಸೆಕ್ರೆಟರಿ. ಅತ್ತಿಗೆ ಗಾಬರಿಯಿಂದ ಎಲ್ಲಿಂದಲೋ ಒಂದು ಕಾರ್ಡು ತಂದು ಹಿಡಿದಳು. ಮುದುಕರಿಗೆ ಏನು ಅರ್ಥವಾಯಿತೋ. ಮಗಳಿಗೆ ಕೆಲಸ ಕೊಟ್ಟ ಯಜಮಾನರು ಎಂದು ಮಾತ್ರ ತಿಳಿದಿರಬೇಕು. ಆಡುವ ಒಂದು ಕೈಯನ್ನು ಕಷ್ಟಪಟ್ಟು ಹಣೆಯವರೆಗೆ ಎತ್ತಿ ನಮಸ್ಕಾರ ಮಾಡಿದರು. ಅಲ್ಲಿದ್ದವರಲ್ಲಿ ಒಬ್ಬರಾದರೂ ತಿರುಗಿ ಕೈಮುಗಿಯಲಿಲ್ಲ.

ನಾನು ಎದ್ದು ಹೋಗಿ ಫೋನು ಕಿತ್ತುಕೊಂಡೆ. ನನಗೆ ಅವತ್ತು ಬಂದ ಕೋಪಕ್ಕೆ ಹೆಸರಿಲ್ಲ. ನಮ್ಮ ಅತ್ತೆ ಅವರೆಕಾಯಿ ಬಿಡಿಸಿದ ನೆಲದಲ್ಲಿ ಕೂತುಕೊಂಡು, ಎಲ್ಲೋ ಬೆಟ್ಟದ ಮೇಲೆ ಹಾಸಿಗೆ ಹಿಡಿದ ಮನುಷ್ಯನನ್ನು ಕಟಕಟೆಗೆ ಹತ್ತಿಸಿದ್ದರು. ಆ ಮನುಷ್ಯ ಇವರಿಗೇ ಕೈಮುಗಿದಿದ್ದ.

ಮೂರು ದಿನ ಬಿಟ್ಟು ತೀರ್ಮಾನ ಬಂತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ತೀರ್ಮಾನ. ಅವಳು ಕೆಲಸಕ್ಕೆ ಬರಬಹುದು, ಅವಳ ಮೇಲೆ ಏನೂ ದೂರಿಲ್ಲ. ಆದರೆ ಇನ್ನು ಮುಂದೆ ಕೆಲಸಕ್ಕೆ ಬರುವವರೆಲ್ಲ ಫೋನನ್ನು ಗೇಟಿನಲ್ಲಿ ಬಿಟ್ಟು ಒಳಗೆ ಹೋಗಬೇಕು. ಅದಕ್ಕೆಂದು ಒಂದು ಕಬ್ಬಿಣದ ಪೆಟ್ಟಿಗೆ ತಂದು ಇಟ್ಟರು. ಬೀಗದ ಕೈ ಗೇಟಿನವನ ಹತ್ತಿರ. ಸೆಕ್ರೆಟರಿ ನಮ್ಮ ಮನೆಯವರ ಹತ್ತಿರ, "ನಿಮ್ಮ ಮಿಸೆಸ್ ಅಷ್ಟು ಹೇಳಿದರೆಂದು ಕನ್ಸಿಡರ್ ಮಾಡಿದೆವು" ಎಂದರಂತೆ. ನನ್ನ ಮಾತಿಗೆ ಕೊಟ್ಟ ಮರ್ಯಾದೆ ಅದು. ಒಬ್ಬಳಿಗಾಗಿ ಜಗಳಕ್ಕೆ ಹೋಗಿ ಎಲ್ಲರ ಫೋನಿಗೂ ಬೀಗ ಹಾಕಿಸಿ ಬಂದಿದ್ದೆ.

ಅವಳು ಒಪ್ಪಿಕೊಂಡಳು. ನನಗೆ ಅವಳ ಮೇಲೂ ಸಿಟ್ಟು ಬಂತು. "ಮಾನ ಮರ್ಯಾದೆ ಇಲ್ವೇನೇ ನಿನಗೆ? ಬೇರೆ ಕಡೆ ನೋಡ್ಕೋಬಾರ್ದಾ?" ಎಂದು ಬೈದೆ.

"ಬೇರೆ ಕಡೆ ಗೇಟಲ್ಲೂ ಇದೇ ಮಷಿನ್ ಅಕ್ಕ. ಅಲ್ಲಿ ಕೇಳ್ತಾರೆ, ಮೊದ್ಲು ಮನೆ ಯಾಕೆ ಬಿಟ್ಟೆ? ನಾನು ಏನ್ ಹೇಳ್ಲಿ?" ಎಂದಳು. ಆಮೇಲೆ, "ಅಪ್ಪನ ಔಷಧಿ ಕೂಡ ಇದೇ ಕೆಲಸದಿಂದ" ಎಂದಳು. ನಾನು ಮೆಟ್ಟಿಲಿಳಿದು ಕೆಳಗೆ ಬಂದೆ.

ಫೋನು ಪೆಟ್ಟಿಗೆ ಸೇರಿದ ದಿನದಿಂದ ಹತ್ತು ಗಂಟೆಯ ಊಟ ನಿಂತಿತು. ಬೆಳಗ್ಗೆ ಬೇಗ ಮಾಡಿ ನೋಡಿದರು, ಆಗ ಅತ್ತಿಗೆ ಹುಲ್ಲಿಗೆ ಹೋಗಿರುತ್ತಾಳೆ. ಮಧ್ಯಾಹ್ನ ಇವಳು ಬಂದ ಮೇಲೆ ಮಾಡಿದರೆ ಅಲ್ಲಿ ಸಿಗ್ನಲ್ಲು ಸಿಗುವುದಿಲ್ಲ, ಸಿಕ್ಕರೂ ಮುದುಕರು ಹಸಿದು ಹಸಿದು ಸೋತು ನಿದ್ದೆಹೋಗಿರುತ್ತಾರೆ. ಸಂಜೆ ಅವಳ ಫೋನಿಗೆ ಅತ್ತಿಗೆ ಮಾತಾಡಿ ಕಳಿಸಿದ ಧ್ವನಿ ಬರುತ್ತಿತ್ತು. ಎರಡು ತುತ್ತು ತಿಂದರು, ಒಂದು ತುತ್ತು ತಿಂದರು, ಇವತ್ತು ಉಗಿದುಬಿಟ್ಟರು. ಅವಳು ಅದನ್ನು ಮೆಟ್ಟಿಲ ಮೇಲೆ ಕೂತು ಮತ್ತೆ ಮತ್ತೆ ಹಾಕಿಕೊಂಡು ಕೇಳುತ್ತಿದ್ದಳು. ಭಾಷೆ ಬಾರದ ನನಗೂ ಆ ಅತ್ತಿಗೆಯ ದನಿ ದಿನದಿಂದ ದಿನಕ್ಕೆ ಸೋಲುತ್ತಿರುವುದು ತಿಳಿಯುತ್ತಿತ್ತು.

ಒಂದು ಸಲ ಮೇಡಂ ಅವರನ್ನೇ ಕೇಳಿದಳಂತೆ, ಹತ್ತು ಗಂಟೆಗೆ ಗೇಟಿಗೆ ಹೋಗಿ ಮಾತಾಡಿ ಬರಲೇ ಎಂದು. ಬ್ರೇಕ್‌ಫಾಸ್ಟ್ ಟೈಮಿನಲ್ಲಿ ಹೇಗಾಗುತ್ತದೆ, ಬೇರೆ ಟೈಮ್ ಇಟ್ಟುಕೊಳ್ಳಿ ಎಂದು ನಗುತ್ತಾ ಹೇಳಿದರಂತೆ. ನಗುತ್ತಾ ಎಂಬುದನ್ನು ನಮ್ಮವಳು ಒತ್ತಿ ಹೇಳಿದಳು, ಮೇಡಂ ಕೆಟ್ಟವರಲ್ಲ ಎಂದು ನನಗೆ ತಿಳಿಯಲಿ ಎಂದು. ಹಸಿದ ಹೊಟ್ಟೆಗೆ ಆ ನಗು ತಗೊಂಡು ಏನು ಮಾಡುವುದು?

ದಾರಿ ಹುಡುಕಿದ್ದು ಅವಳ ಗುಂಪೇ. ಅವಳು ಅತ್ತು ಕಳಿಸಿದ ಒಂದು ನಿಮಿಷದ ಮಾತನ್ನು ಕೇಳಿ, ಫೋನಿಗೆ ಬೀಗವಿಲ್ಲದ ಕಡೆ ಕೆಲಸ ಮಾಡುವವರು ಒಬ್ಬೊಬ್ಬರಾಗಿ ಮುಂದೆ ಬಂದರು. ಎಲೆಕ್ಟ್ರಾನಿಕ್ ಸಿಟಿಯವಳು ಸೋಮವಾರ, ಮಗು ಮಲಗಿದ ಮೇಲೆ. ರಾತ್ರಿ ಪಾಳಿ ಮುಗಿಸಿ ಬರುವ ಒಬ್ಬಳು ಬುಧವಾರ. ಪೀಣ್ಯದಲ್ಲಿ ಕ್ಯಾಂಟೀನು ನಡೆಸುವವಳು ಎರಡು ದಿನ, ಹಿಂದೆ ಪಾತ್ರೆಗಳ ಸದ್ದಿನ ನಡುವೆಯೇ. ಯಾರಿಗೂ ಆ ಮುದುಕರು ಸಂಬಂಧವಲ್ಲ. ತಮ್ಮ ಮುಂದೆ ಫೋನು ಒರಗಿಸಿ, ತಮ್ಮ ಕೆಲಸ ಮಾಡುತ್ತಾ, ನಡುವೆ ಒಮ್ಮೆ ತಲೆಯೆತ್ತಿ "ತಿನ್ನಿ ಬುವಾ" ಎನ್ನುವರು. ಬುವಾ ಎಂದರೆ ಅಪ್ಪ. ಮೊದಲ ದಿನಗಳಲ್ಲಿ ಮುದುಕರು ಮುಖ ತಿರುಗಿಸಿದರಂತೆ. ಆಮೇಲೆ ತಮ್ಮದೇ ಭಾಷೆ ಕಿವಿಗೆ ಬಿದ್ದು ಸ್ವಲ್ಪ ಸ್ವಲ್ಪ ತಿನ್ನತೊಡಗಿದರು.

ಇದನ್ನು ಕೇಳಿದವರೆಲ್ಲ ಎಷ್ಟು ಚೆನ್ನಾಗಿದೆ, ಎಂಥ ಒಗ್ಗಟ್ಟು ಎನ್ನುತ್ತಾರೆ. ಚೆನ್ನಾಗಿದೆ ನಿಜ. ಆದರೆ ನನಗೆ ಮೈ ಉರಿಯುವುದೂ ಅಲ್ಲಿಯೇ. ಈ ಹೆಂಗಸರು ತಮ್ಮ ತಮ್ಮ ಕಷ್ಟದ ನಡುವೆ ಸರದಿ ಹಾಕಿಕೊಂಡು ಯಾರದೋ ಅಪ್ಪನನ್ನು ಊಟಕ್ಕೆ ಕೂರಿಸುವ ಗತಿ ಯಾಕೆ ಬರಬೇಕಿತ್ತು? ಸ್ವಂತ ಮಗಳು ಬದುಕಿದ್ದಾಳೆ. ಅವಳ ಕೈಯಲ್ಲೇ ಇದ್ದ ಫೋನು ಗೇಟಿನ ಪೆಟ್ಟಿಗೆಯಲ್ಲಿದೆ. ಒಬ್ಬರ ತಿಂಡಿ ಐದು ನಿಮಿಷ ತಡವಾಗಬಾರದೆಂದು ಇನ್ನೊಂದು ದೇಶದಲ್ಲಿ ಒಬ್ಬ ಮನುಷ್ಯ ಪರರ ಮುಖ ನೋಡಿಕೊಂಡು ಊಟ ಮಾಡಬೇಕು. ಇದನ್ನು ಚೆನ್ನಾಗಿದೆ ಎಂದು ಚಪ್ಪಾಳೆ ತಟ್ಟಲು ನನಗೆ ಆಗುವುದಿಲ್ಲ.

ಒಂದು ಮಂಗಳವಾರ ಬೆಳಗ್ಗೆ ಕೆಲಸಕ್ಕೆ ಹೊರಟವಳು ನಮ್ಮ ಬಾಗಿಲಲ್ಲಿ ನಿಂತಳು. "ಅಕ್ಕ, ಇವತ್ತು ಯಾರಿಗೂ ಆಗಲ್ಲ ಅಂತೆ. ನೀವು ಕೂತ್ಕೋತೀರಾ? ಮಾತು ಏನೂ ಬೇಡ. ಸುಮ್ನೆ ಇದ್ರೆ ಸಾಕು."

"ನನ್ನ ಮುಖ ನೋಡಿ ತಿಂತಾರೇನೇ? ನಮ್ಮ ಮನೆಯವರೇ ತಿನ್ನಲ್ಲ" ಎಂದೆ. ಅವಳು ನಕ್ಕಳು, ಆದರೆ ಹೋಗದೆ ನಿಂತೇ ಇದ್ದಳು. ಆಯಿತು ಹೋಗು ಎಂದೆ.

ಹತ್ತು ಗಂಟೆಗೆ ನನ್ನ ಫೋನಿಗೇ ಕಾಲ್ ಬಂತು. ಅಡುಗೆಮನೆಯಲ್ಲಿ ಮಣೆ ಹಾಕಿ, ಮುದ್ದೆ ಮುರಿದು, ಸೊಪ್ಪಿನ ಸಾರು ಬಿಟ್ಟುಕೊಂಡು ಕೂತೆ. ಪರದೆಯಲ್ಲಿ ಟೋಪಿಯ ಮುದುಕರು. ಮೊದಲು ನೋಡಿದ್ದಕ್ಕಿಂತ ಕೆನ್ನೆ ಒಳಕ್ಕೆ ಹೋಗಿತ್ತು. ನಾನು ಕೈಮುಗಿದೆ. ಅವರು ಒಂದು ಕೈ ಎತ್ತಿದರು. ಅತ್ತಿಗೆ ತುತ್ತು ತಂದಳು. ಅವರು ಬಾಯಿ ತೆರೆಯಲಿಲ್ಲ.

ನಾನು ಒಂದು ತುತ್ತು ನುಂಗಿ ತೋರಿಸಿದೆ. "ಉಣ್ಣಪ್ಪಾ, ನಾನೂ ಉಣ್ತಾ ಇವ್ನಿ" ಎಂದೆ. ಅವರು ನನ್ನನ್ನು ನೋಡಲೇ ಇಲ್ಲ. ನನ್ನ ಭುಜದ ಹಿಂದೆ ನೋಡುತ್ತಿದ್ದರು, ನಾನು ಸರಿದರೆ ಹಿಂದೆ ಯಾರೋ ಕಾಣುತ್ತಾರೆ ಎಂಬ ಹಾಗೆ. ಆಮೇಲೆ "ಛೋರಿ ಖೋಯಿ?" ಎಂದರು. ತುಟಿ ಜಾರಿದ್ದರಿಂದ ಮಾತು ಒಡೆದು ಬಂತು. ಈ ಎರಡು ಮಾತು ನನಗೆ ಗೊತ್ತಿತ್ತು, ಅತ್ತಿಗೆ ಕಳಿಸುತ್ತಿದ್ದ ಧ್ವನಿಗಳ ಹಿಂದೆ ಎಷ್ಟೋ ಸಲ ಕೇಳಿದ್ದೆ. ಮಗಳೆಲ್ಲಿ?

ಏನೆಂದು ಹೇಳಲಿ? ಬರುತ್ತಾಳೆ ಎಂದರೆ ಸುಳ್ಳು. ನಾನು ಎಂಜಲು ಕೈ ಸೀರೆಗೆ ಒರೆಸಿಕೊಂಡು ಎದ್ದೆ. ಫೋನು ತೆಗೆದುಕೊಂಡು ಕಿಟಕಿಯ ಹತ್ತಿರ ಹೋಗಿ, ಅದನ್ನು ಹೊರಕ್ಕೆ ತಿರುಗಿಸಿದೆ. ಎದುರಿಗೇ ಆ ಅಪಾರ್ಟ್‌ಮೆಂಟು. ಬೆರಳು ಮುಂದೆ ಚಾಚಿ, ಅವಳು ಅಡುಗೆ ಮಾಡುತ್ತಿರುವ ಮಹಡಿಯ ಕಿಟಕಿಯನ್ನು ತೋರಿಸಿದೆ. "ಅಲ್ಲವಳೆ ನೋಡಪ್ಪಾ. ಅಲ್ಲೇ. ಆ ಕಿಟ್ಕಿ."

ಅತ್ತಿಗೆಗೆ ತಿಳಿಯಿತು. ಅವಳು ತಮ್ಮ ಭಾಷೆಯಲ್ಲಿ ಏನೋ ಹೇಳಿದಳು. ಆಮೇಲೆ ತಟ್ಟೆಗೆ ಬೆರಳು ತಾಗುವ ಸದ್ದು ಕೇಳಿಸಿತು. ನಾನು ಪರದೆಯನ್ನು ಓರೆಮಾಡಿ ಇಣುಕಿದೆ. ಆ ಕಿಟಕಿಯಿಂದ ಕಣ್ಣು ತೆಗೆಯದೆ ಮುದುಕರು ಬಾಯಿ ತೆರೆದಿದ್ದರು.

ಎದುರಿನ ಮಹಡಿಗಳಲ್ಲಿ ಒಂದೆರಡು ಕಿಟಕಿಯ ಪರದೆಗಳು ಸರಿದವು. ಬಾಲ್ಕನಿಯಲ್ಲಿ ಬಟ್ಟೆ ಹರಡುತ್ತಿದ್ದ ಒಬ್ಬರು ಕೆಲಸ ನಿಲ್ಲಿಸಿ ನನ್ನ ಕಡೆಗೇ ನೋಡಿದರು. ಹಾಲಿನವರ ಹೆಂಡತಿ ನಮ್ಮ ಕಟ್ಟಡವನ್ನು ಯಾರಿಗೋ ತೋರಿಸುತ್ತಿದ್ದಾಳೆ ಎಂದು ಫೋಟೋ ತೆಗೆದು ಗುಂಪಿಗೆ ಹಾಕಿಕೊಳ್ಳಲಿ, ನನ್ನ ಮುಖಕ್ಕೂ ಕೆಂಪು ವೃತ್ತ ಎಳೆಯಲಿ. ಆ ತಟ್ಟೆಯ ಅನ್ನ ಮುಗಿಯುವವರೆಗೆ ನಾನು ಕೈ ಇಳಿಸಲಿಲ್ಲ.